ಕೇಳಿ ಬರೆಯಿರಿ

ನನಗೆ ಕೆಂಪು ಪೆನ್ನಿನ ಚಟ ಇದೆ. ಹೋಟೆಲ್ ಗೋಡೆಯ ತಿಂಡಿ ಪಟ್ಟಿಯಾಗಲಿ, ಮದುವೆ ಕಾರ್ಡಾಗಲಿ, ಟ್ರ್ಯಾಕ್ಟರಿನ ಹಿಂದೆ ಬರೆದ ಸಾಲಾಗಲಿ, ನನ್ನ ಕಣ್ಣಿಗೆ ಮೊದಲು ಬೀಳುವುದು ಅದರೊಳಗಿನ ತಪ್ಪು. ಕೊಪ್ಪಳದ ಒಂದು ಸರಕಾರಿ ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ನಮ್ಮ ಕಡೆಯ ಮಕ್ಕಳು ಆಡಿದ ಹಾಗೆಯೇ ಬರೆಯುತ್ತವೆ. ‘ಮನೆ’ ಎನ್ನಬೇಕಾದಲ್ಲಿ ‘ಮನಿ’, ‘ಶಾಲೆ’ಗೆ ‘ಸಾಲಿ’, ‘ಇದೆ’ಗೆ ‘ಐತಿ’. ನಿಮ್ಮ ಶಿಕ್ಷಕಿಯ ಬಗ್ಗೆ ನಾಲ್ಕು ಸಾಲು ಬರೆಯಿರಿ ಎಂದರೆ ‘ನಮ್ಮ ಅಕ್ಕಾರ ಭಾಳ ಛಲೋ ಅದಾರ’ ಎಂದು ಬರೆದು ತರುತ್ತವೆ. ಪಾಠ ಹೇಳುವ ಹೆಂಗಸರನ್ನು ನಮ್ಮಲ್ಲಿ ಅಕ್ಕಾರ ಎಂದೇ ಕರೆಯುವುದು. ಹೊಗಳಿದ್ದಾರೆ, ಹೋಗಲಿ ಪಾಪ ಎಂದು ಬಿಡುವವಳಲ್ಲ ನಾನು. ‘ಅಕ್ಕಾರ’ದ ಮೇಲೆ ಒಂದು ಕೆಂಪು ಗೆರೆ ಎಳೆದು ಪಕ್ಕದಲ್ಲಿ ‘ಶಿಕ್ಷಕಿ’ ಎಂದು ಬರೆದು ಕೊಡುತ್ತೇನೆ. ನನ್ನ ಕಾಟಕ್ಕೆ ಮನೆಯಲ್ಲಿ ಯಜಮಾನರು ಕಿರಾಣಿ ಚೀಟಿ ಬರೆಯುವುದನ್ನೇ ಬಿಟ್ಟಿದ್ದಾರೆ. ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡು ಅಂಗಡಿಗೆ ಹೋಗುತ್ತಾರೆ, ಉಪ್ಪು ಮರೆತು ಬರುತ್ತಾರೆ.

ಈ ಚಟದಿಂದಲೇ ನನಗೆ ಕಲಾ ಬಳಗದಲ್ಲಿ ಜಾಗ ಸಿಕ್ಕಿತು. ಹಾಡಲು ಬರುವುದಿಲ್ಲ, ಕುಣಿಯುವ ಮಾತೇ ಬೇಡ, ನಾನು ಬಿಡಿಸಿದ ಆನೆಯನ್ನು ಮಕ್ಕಳು ಎಮ್ಮೆ ಎಂದು ಗುರುತಿಸಿದ್ದಾರೆ. ಆದರೆ ಬಳಗಕ್ಕೆ ನಾಟಕದ ಪ್ರತಿ ತಿದ್ದುವವರು, ಕರಪತ್ರ ನೋಡಿಕೊಡುವವರು ಬೇಕಿತ್ತು. ‘ಅಕ್ಕಾರ ಅದಾರಲ್ಲ, ಹೆಂಗೂ ತಪ್ಪು ಹುಡುಕ್ತಾರ, ನಮ್ಮಲ್ಲೇ ಹುಡುಕಲಿ’ ಎಂದು ಸೇರಿಸಿಕೊಂಡರು.

ಬಳಗ ಎಂದರೆ ದೊಡ್ಡದೇನೂ ಅಲ್ಲ. ಕೊಪ್ಪಳದಲ್ಲಿ ನಿಂತುಹೋದ ಒಂದು ಎಣ್ಣೆ ಗಿರಣಿ ಇದೆ. ಅದರ ಮಾಲೀಕರು ಸಂಗೀತದ ಹುಚ್ಚಿನವರು. ಖಾಲಿ ಬಿದ್ದದ್ದನ್ನು ಬಳಸಿಕೊಳ್ಳಿರಿ ಎಂದು ಬೀಗದ ಕೈ ಕೊಟ್ಟಿದ್ದರು. ಎಷ್ಟು ಸಲ ಸಾರಿಸಿದರೂ ಶೇಂಗಾ ಎಣ್ಣೆಯ ವಾಸನೆ ಹೋಗಲಿಲ್ಲ. ಅಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ನಾಲ್ಕೂರಿನವರು ಸೇರುತ್ತಿದ್ದೆವು. ಕುಷ್ಟಗಿಯಿಂದ ಪೇಟಿ ಮಾಸ್ತರು ಬರುತ್ತಿದ್ದರು. ನಮ್ಮಲ್ಲಿ ಹಾರ್ಮೋನಿಯಮ್ಮಿಗೆ ಪೇಟಿ ಎನ್ನುತ್ತೇವೆ. ಮಾತಿಗಿಂತ ಮೊದಲು ಅವರ ಬೆರಳು ಉತ್ತರ ಕೊಡುತ್ತಿದ್ದವು. ಗಂಗಾವತಿಯಿಂದ ಟೇಲರ್ ಅಣ್ಣ ಬರುತ್ತಿದ್ದರು, ರಾಜನ ಅಂಗಿಯಿಂದ ಹಿಡಿದು ರಾಕ್ಷಸನ ಚೊಣ್ಣದವರೆಗೆ ಹೊಲಿಯುವವರು. ಆಂಧ್ರದವರು ಬಂದು ನೆಲೆಸಿದ ಕಾಲುವೆ ಕಡೆಯ ಮನುಷ್ಯ, ಮಾತಿನ ನಡುವೆ ತೆಲುಗು ಇಣುಕುತ್ತಿತ್ತು. ಯಲಬುರ್ಗಾದಿಂದ ಬರುತ್ತಿದ್ದವರು ಬಸ್ ಕಂಡಕ್ಟರ್. ಟಿಕೆಟ್ ಹರಿಯುವಾಗ ಅವರಷ್ಟು ಮೃದು ಮನುಷ್ಯ ಇಲ್ಲ, ಬಣ್ಣ ಹಚ್ಚಿದರೆ ನಮ್ಮ ಖಾಯಂ ಖಳನಾಯಕ. ಕಿನ್ನಾಳದಿಂದ ಬರುವ ಗೊಂಬೆ ಮಾಡುವ ಹೆಂಗಸನ್ನು ಎಲ್ಲರೂ ಚಿಗವ್ವ ಎನ್ನುತ್ತಿದ್ದೆವು. ಮರದ ಗಿಳಿಗಳನ್ನು ಬುಟ್ಟಿಯಲ್ಲಿ ತಂದು, ಮಾತಾಡುತ್ತಲೇ ಒಂದೊಂದಕ್ಕೂ ಕೊಕ್ಕಿನ ಕೆಂಪು ಹಚ್ಚುತ್ತ ಕೂರುತ್ತಿದ್ದಳು.

ಇನ್ನು ಪೇಂಟರ್ ಕಾಕಾ. ಇರಕಲ್ಲಗಡದವರು. ನಾಲ್ಕೂ ತಾಲೂಕುಗಳಲ್ಲಿ ಅವರ ಕೈ ಮುಟ್ಟದ ಗೋಡೆ ಇಲ್ಲ ಎನ್ನಬೇಕು. ಸಾಬೂನಿನ ಜಾಹೀರಾತು, ಬೀಜ ಗೊಬ್ಬರದ ಅಂಗಡಿ, ಶಾಲೆಯ ಸುವಿಚಾರ, ನಾಟಕದ ಪರದೆ, ಎಲ್ಲ ಅವರದೇ. ಅಕ್ಷರಕ್ಕೆ ನೆರಳು ಕೊಡುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಅವರು ಬರೆದ ‘ಕೊಪ್ಪಳ’ ಗೋಡೆ ಬಿಟ್ಟು ಒಂದು ಗೇಣು ಮುಂದೆ ಬಂದು ನಿಂತ ಹಾಗೆ ಕಾಣುತ್ತದೆ. ಫ್ಲೆಕ್ಸ್ ಬಂದ ಮೇಲೆ ಅವರ ಕುಂಚಕ್ಕೆ ಕೆಲಸ ಕಡಿಮೆಯಾಗಿತ್ತು. ಬಳಗವೇ ಈಗ ಅವರ ಗೋಡೆ. ಮುಚ್ಚಿದ ಟಾಕೀಸಿನಿಂದ ನಮಗೆ ಕೆಲವು ಮರದ ಕುರ್ಚಿ ಸಿಕ್ಕಿದ್ದವು. ಅವುಗಳ ಬೆನ್ನೊರಗುವ ಹಲಗೆಗೆ ಕಾಕಾ ಒಂದೊಂದು ಚಿತ್ರ ಬರೆದಿದ್ದರು. ಮಾಸ್ತರರಿಗೆ ಪೇಟಿ, ಟೇಲರ್ ಅಣ್ಣನಿಗೆ ಕತ್ತರಿ, ಕಂಡಕ್ಟರಿಗೆ ದೊಡ್ಡ ಮೀಸೆ, ಚಿಗವ್ವನಿಗೆ ಗಿಳಿ. ನನ್ನ ಕುರ್ಚಿ ಮಾತ್ರ ಖಾಲಿ ಇತ್ತು.

‘ನಿಮಗೇನು ಬರೀಬೇಕಂತ ಇನ್ನೂ ಹೊಳಿವಲ್ದು ಅಕ್ಕಾರ’ ಎನ್ನುತ್ತಿದ್ದರು ಕಾಕಾ.

‘ಛಡಿ ಬರೀರಿ’ ಎಂದು ಕಂಡಕ್ಟರು ಖಳನಾಯಕನ ನಗೆ ನಗುತ್ತಿದ್ದರು.

ಹೆಸರು ಬರೆದುಬಿಡಿ, ಅಷ್ಟಕ್ಕೆ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ ಎಂದು ನಾನು ಹೇಳಿದಾಗಲೆಲ್ಲ ಕಾಕಾ ಮುಗುಳ್ನಗುತ್ತಿದ್ದರು. ಕುರ್ಚಿಗಳಿಗೆ ಹೆಸರಿಲ್ಲದೆ ಬರೀ ಚಿತ್ರ ಯಾಕೆ ಎಂದು ನಾನು ಯೋಚಿಸಿದ್ದೇ ಇಲ್ಲ. ಕಲಾವಿದರ ಶೋಕಿ ಅಂದುಕೊಂಡಿದ್ದೆ.

ನಾನು ಯೋಚಿಸದ ಇನ್ನೊಂದು ಸಂಗತಿಯೂ ಇತ್ತು. ಕಾಕಾ ಯಾವ ಬೋರ್ಡಿಗೆ ಕೈ ಹಾಕಲಿ, ಚಿಗವ್ವ ಅವರ ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಕೂತು, ಬರೆಯಬೇಕಾದ ಚೀಟಿಯನ್ನು ದೊಡ್ಡ ದನಿಯಲ್ಲಿ ಓದುತ್ತಿದ್ದಳು. ಒಮ್ಮೆಯಲ್ಲ, ಎರಡು ಮೂರು ಸಲ. ಯಾವ ಸಾಲು ಮೇಲೆ, ಯಾವುದು ಕೆಳಗೆ ಎನ್ನುವುದನ್ನೂ ಹಾಡಿನ ಹಾಗೆ ಹೇಳುತ್ತಿದ್ದಳು. ನನಗೆ ಕಿರಿಕಿರಿ. ‘ಚಿಗವ್ವಾ, ಮನಸ್ಸಿನಲ್ಲಿ ಓದಿಕೋ, ಊರಿಗೆಲ್ಲ ಯಾಕೆ ಸಾರ್ತೀಯ?’ ಎಂದು ಒಮ್ಮೆ ಗದರಿದ್ದೆ. ‘ನನಗ ಜೋರಾಗಿ ಓದಿದ್ರನ ತಲಿಗೆ ಹೋಗ್ತೈತ್ರಿ’ ಎಂದು ನಕ್ಕು ಮತ್ತೆ ಜೋರಾಗಿಯೇ ಓದಿದ್ದಳು.

ಗಿರಣಿಯಲ್ಲಿ ಒಂದು ಹಗಲು ನಾಟಕ ಮಾಡಿ ಊರಿಗೆಲ್ಲ ಬಾಗಿಲು ತೆರೆಯೋಣ ಎಂದು ಮಾತಾಯಿತು. ಕಾಕಾ ಅರಮನೆಯ ಪರದೆ ಶುರು ಮಾಡಿದರು. ಆಗ ಬಂತು ಬೋರ್ಡಿನ ಪ್ರಶ್ನೆ. ನಮ್ಮ ಬಳಗಕ್ಕೆ ಹೆಸರೇ ಇರಲಿಲ್ಲ. ಎಲ್ಲರೂ ಒಂದೊಂದು ಹೆಸರು ತಂದರು, ಎಲ್ಲರ ಹೆಸರಲ್ಲೂ ನಾನು ತಪ್ಪು ಹುಡುಕಿದೆ. ಕೊನೆಗೆ ಒಂದು ಹಾಳೆಯಲ್ಲಿ ಮೂರು ಹೆಸರು ಬರೆದು, ಮತ್ತೆ ಮನಸ್ಸಿಗೆ ಬಾರದೆ ಮೂರನ್ನೂ ಹೊಡೆದು ಹಾಕಿದೆ. ಅದರ ಕೆಳಗೆ ‘ಹೆಸರು ಇನ್ನೂ ಗಟ್ಟಿಯಾಗಿಲ್ಲ. ಕೇಳಿ ಬರೆಯಿರಿ’ ಎಂದು ಬರೆದೆ. ಅದರ ಕೆಳಗೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂದು ನಾಲ್ಕೂರು. ಹೆಸರಿನ ಜಾಗ ಬಿಟ್ಟು ಊರುಗಳನ್ನು ಬರೆದಿಟ್ಟರೆ ಭಾನುವಾರ ಹೆಸರು ಹೇಳಿದರಾಯಿತು ಎನ್ನುವುದು ನನ್ನ ಲೆಕ್ಕ. ಶಾಲೆಗೆ ಹೊತ್ತಾಗಿತ್ತು. ಗಿರಣಿಯ ಬಾಗಿಲಲ್ಲಿ ಸ್ಕೂಟಿ ನಿಲ್ಲಿಸದೆಯೇ, ಪರದೆಯ ಕೆಲಸಕ್ಕೆ ಬಂದಿದ್ದ ಕಾಕಾನ ಕೈಗೆ ಆ ಹಾಳೆಯನ್ನು ಕೊಟ್ಟು, ‘ಇದರಲ್ಲಿ ಇದ್ದ ಹಾಗೆ ಮಾಡ್ರಿ’ ಎಂದು ಹೊರಟುಹೋದೆ. ಆ ವಾರ ಚಿಗವ್ವ ನವಲಿಯಲ್ಲಿದ್ದ ಮಗಳ ಮನೆಗೆ ಹೋಗಿದ್ದಳು.

ಭಾನುವಾರ ಎಲ್ಲರೂ ಬಂದರು. ಚಿಗವ್ವನೂ ನವಲಿಯಿಂದ ನೇರ ಬಂದಿದ್ದಳು. ಮಿರ್ಚಿ, ಮಂಡಕ್ಕಿ, ಚಾ ತಯಾರಿತ್ತು. ಬೋರ್ಡಿಗೆ ಯಾರೂ ನೋಡುವ ಮೊದಲೇ ಕಾಕಾ ಹಳೆಯ ಸೀರೆ ಹೊದಿಸಿದ್ದರು, ಹೆಸರಿನ ಜಾಗ ಖಾಲಿ ಇರುತ್ತದೆ ಎಂದೇ ನಾನು ಅಂದುಕೊಂಡಿದ್ದೆ. ಕಾಕಾ ಬಿಳಿ ಅಂಗಿ ತೊಟ್ಟು ಮದುಮಗನ ಹಾಗೆ ನಿಂತಿದ್ದರು. ಮಾಸ್ತರು ಪೇಟಿಯಲ್ಲಿ ಏನೋ ಮಂಗಳದ ಧಾಟಿ ಹಿಡಿದರು, ಕಂಡಕ್ಟರು ಸೀರೆ ಎಳೆದರು.

ಬೋರ್ಡಿನ ತುಂಬ ಕೆಂಪು ಹಳದಿಯ ಅಕ್ಷರಗಳು, ಅವಕ್ಕೆ ನೀಲಿ ನೆರಳು, ಸುತ್ತ ಬಳ್ಳಿ. ಅಷ್ಟು ಚೆಂದದ ಬೋರ್ಡನ್ನು ನಾನು ನೋಡಿಯೇ ಇರಲಿಲ್ಲ. ‘ಹೆಸರು ಇನ್ನೂ ಗಟ್ಟಿಯಾಗಿಲ್ಲ. ಕೇಳಿ ಬರೆಯಿರಿ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ.’

ನನಗೆ ಸಿಟ್ಟು ಬಂದರೆ ಪುಸ್ತಕದ ಕನ್ನಡ ಬರುತ್ತದೆ. ರಸ್ತೆಯಲ್ಲಿ ಹೋಗುವವರು ಆಗಲೇ ನಿಂತು ಓದಿ ಕಿಸಕ್ಕನೆ ನಗುತ್ತಿದ್ದರು.

‘ಇದೇನು ಬರೆದಿದ್ದೀರಿ ಕಾಕಾ? ಕಣ್ಣು ಎಲ್ಲಿಟ್ಟುಕೊಂಡು ಬರೆದಿರಿ? ಹೆಸರು ನಿರ್ಧಾರವಾಗಿಲ್ಲ, ಕೇಳಿಕೊಂಡು ಬರೆಯಿರಿ ಎಂದರೆ ಅದನ್ನೇ ಬರೆಯುವುದೇ? ನಿಮಗೆ ಓದಲು ಬರುತ್ತದೋ ಇಲ್ಲವೋ?’

ಯಾರೂ ನಗಲಿಲ್ಲ. ನಮ್ಮ ಬಳಗದವರು ಸಣ್ಣ ಮಾತಿಗೂ ಹೊಟ್ಟೆ ಹಿಡಿದುಕೊಂಡು ನಗುವವರು. ಅಂದು ಒಬ್ಬರೂ ನಗದಿದ್ದಾಗಲೇ ನನಗೆ ತಿಳಿಯಬೇಕಿತ್ತು. ಮಾಸ್ತರು ತಟ್ಟನೆ ಪೇಟಿ ಬಾರಿಸಲು ಶುರು ಮಾಡಿದರು, ನನ್ನ ಮಾತು ಮುಚ್ಚಲಿ ಎನ್ನುವ ಹಾಗೆ. ಕಾಕಾ ನನ್ನನ್ನೂ ನೋಡಲಿಲ್ಲ, ಬೋರ್ಡನ್ನೂ ನೋಡಲಿಲ್ಲ. ಒಳಗೆ ಹೋಗಿ ಕುಂಚಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಬಟ್ಟೆಯಲ್ಲಿ ಸುತ್ತಿ ಬಗಲಿಗೆ ಹಾಕಿಕೊಂಡರು. ‘ಬರ್ತೀನ್ರಿ’ ಎಂದರು. ಚಾ ಕುಡಿಯದೆ ಹೋದರು.

‘ತಪ್ಪು ಮಾಡಿದ್ದಲ್ಲದೆ ಮೇಲೆ ಸಿಟ್ಟು ಬೇರೆ!’ ಎಂದೆ ನಾನು.

ಚಿಗವ್ವ ಕೈಯಲ್ಲಿದ್ದ ಗಿಳಿಯನ್ನು ಬುಟ್ಟಿಗೆ ಇಟ್ಟಳು. ‘ಅಕ್ಕಾರ, ಅವರಿಗೆ ಓದಾಕ ಬರೂದಿಲ್ರಿ’ ಎಂದಳು.

ನನಗೆ ಅರ್ಥವೇ ಆಗಲಿಲ್ಲ. ಅಷ್ಟು ವರ್ಷ ಬೋರ್ಡು ಬರೆದ ಮನುಷ್ಯ! ಅವಳೇ ಬಿಡಿಸಿ ಹೇಳಿದಳು. ಕಾಕಾ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅಕ್ಷರ ಅವರಿಗೆ ಹೂವು ಬಳ್ಳಿ ಇದ್ದ ಹಾಗೆ, ನೋಡಿ ಬರೆಯುತ್ತಾರೆ. ಚೀಟಿಯಲ್ಲಿ ಏನಿದೆ ಎಂದು ಯಾರಾದರೂ ಓದಿ ಹೇಳಿದರೆ ಎಲ್ಲಿ ದೊಡ್ಡದು, ಎಲ್ಲಿ ಸಣ್ಣದು ಎಂದು ಲೆಕ್ಕ ಹಾಕುತ್ತಾರೆ. ಹೊಡೆದು ಹಾಕಿದ್ದನ್ನು ಬರೆಯಬಾರದು ಎಂದು ಗೊತ್ತು. ನಾನು ಮೂರು ಸಾಲು ಹೊಡೆದಿದ್ದೆ, ಅವರು ಮೂರು ಸಾಲು ಬಿಟ್ಟಿದ್ದರು. ಹೊಡೆಯದ್ದನ್ನು ಒಂದು ಚುಕ್ಕಿ ಬಿಡದೆ ಬರೆದಿದ್ದರು. ಅವರ ಕಡೆಯಿಂದ ನೋಡಿದರೆ ಕೆಲಸದಲ್ಲಿ ಒಂದು ತಪ್ಪೂ ಇರಲಿಲ್ಲ.

‘ನಿಮಗೆಲ್ಲ ಗೊತ್ತಿತ್ತಾ?’ ಎಂದು ಕೇಳಿದೆ. ಟೇಲರ್ ಅಣ್ಣ ಕತ್ತರಿ ನೋಡಿಕೊಂಡರು. ಕಂಡಕ್ಟರು ಸೂರು ನೋಡಿದರು. ಎಲ್ಲರಿಗೂ ಗೊತ್ತಿತ್ತು, ವರ್ಷಗಳಿಂದ.

‘ಮತ್ತ ನನಗ್ಯಾಕ ಹೇಳಲಿಲ್ಲ?’

‘ನೀವು ಅಕ್ಕಾರು ಅಲ್ಲೇನ್ರಿ’ ಎಂದರು ಮಾಸ್ತರು. ‘ಹೇಳಿದ್ರ ಮಾರನೇ ದಿನ ಪಾಟಿ ಬಳಪ ಹಿಡಕೊಂಡು ಬರ್ತಿದ್ರಿ. ಕಾಕಾ ಅಂಜಿ ಬಳಗಾನ ಬಿಡ್ತಿದ್ದ.’

ಮುಖಕ್ಕೆ ಹೊಡೆದಂತಾಯಿತು. ಅವರು ಹೇಳಿದ್ದು ಸುಳ್ಳಲ್ಲ, ನಾನು ಖಂಡಿತ ಹಾಗೆಯೇ ಮಾಡುತ್ತಿದ್ದೆ. ಮೂವತ್ತು ಮಕ್ಕಳ ಕಣ್ಣು ನೋಡಿ ಯಾರಿಗೆ ಪಾಠ ಬಂದಿಲ್ಲ ಎಂದು ಹೇಳಬಲ್ಲೆ ಎಂದು ಜಂಬ ಪಡುವವಳು ನಾನು. ಪಕ್ಕದಲ್ಲೇ ಕೂತ ಮನುಷ್ಯನನ್ನು ನೋಡಿರಲಿಲ್ಲ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಮುಂದಿನ ಭಾನುವಾರ ಕಾಕಾ ಬರಲಿಲ್ಲ. ಮಾಸ್ತರು ಫೋನು ಮಾಡಿದರೆ ಗಂಗಾವತಿಯಲ್ಲಿ ಒಂದು ಫ್ಲೆಕ್ಸ್ ಅಂಗಡಿಯವರು ಚೌಕಟ್ಟಿಗೆ ಹಾಳೆ ಬಿಗಿಯುವ ಕೆಲಸಕ್ಕೆ ಕರೆದಿದ್ದಾರೆ, ಬರುವ ತಿಂಗಳ ಮೊದಲಿನಿಂದ ಹೋಗುತ್ತೇನೆ ಎಂದರಂತೆ. ‘ಇನ್ನ ಕುಂಚ ಸಾಕು ಅನ್ನಾಕತ್ಯಾನ್ರಿ’ ಎಂದು ಹೇಳುವಾಗ ಮಾಸ್ತರರ ದನಿ ಒಡೆಯಿತು. ಗೋಡೆಗೆ ಅರಮನೆಯ ಪರದೆ ಇಳಿಬಿದ್ದಿತ್ತು. ಸಿಂಹಾಸನ ಇತ್ತು, ಒಂದು ಕಡೆಯ ಕಂಬ ಇತ್ತು, ಇನ್ನೊಂದು ಕಡೆ ಬರೀ ಬಿಳಿ ಬಟ್ಟೆ. ನಾನು ಆಡಿದ ಒಂದು ಮಾತಿಗೆ ಆ ಕೈ ನಿಂತುಹೋಗುವುದಿತ್ತು.

ಬೋರ್ಡಿಗೆ ಸುಣ್ಣ ಬಳಿದುಬಿಡೋಣ, ಅದನ್ನು ನೋಡಿದರೆ ನನಗೆ ಸಂಕಟ ಎಂದೆ. ಟೇಲರ್ ಅಣ್ಣ ‘ಪರವಾಲೇದು ಬಿಡ್ರಿ ಅಕ್ಕಾರ, ಇರಲಿ’ ಎಂದರು. ಆ ಬೋರ್ಡು ಅಷ್ಟರಲ್ಲಿ ತನ್ನ ಕೆಲಸ ಶುರು ಮಾಡಿತ್ತು. ಓದಿದವರು ಸುಮ್ಮನೆ ಹೋಗುತ್ತಿರಲಿಲ್ಲ. ಮೊದಲು ಒಬ್ಬ ಆಟೋದವನು ಇಣುಕಿ, ‘ಏನ್ ಕೇಳಬೇಕ್ರಿ? ಎಲ್ಲಿ ಬರೀಬೇಕ್ರಿ?’ ಎಂದ. ಕಂಡಕ್ಟರಿಗೆ ಎಲ್ಲಿಲ್ಲದ ಹುರುಪು ಬಂತು. ‘ನಮಗ ಹೆಸರಿಲ್ಲ, ನೀನ ಒಂದು ಹೇಳು’ ಎಂದು ನೋಟ್‌ಬುಕ್ಕು ಕೊಟ್ಟರು. ಅವನು ತನ್ನ ಮಗಳ ಹೆಸರು ಬರೆದು ಚಾ ಕುಡಿದು ಹೋದ. ಆಮೇಲೆ ಕಾಯಿಪಲ್ಲೆ ಮಾರುವಾಕೆ ಬಂದಳು, ಬುಟ್ಟಿ ಇಳಿಸಿ ಒಂದು ಬೀಸುವ ಪದ ಹಾಡಿದಳು. ಅವಳ ದನಿ ಕೇಳಿ ಮಾಸ್ತರು ಪೇಟಿಯ ಮೇಲೆ ಬೆರಳಿಡುವುದನ್ನೇ ಮರೆತರು. ‘ಹೆಸರು ಏನಿಡಬೇಕು ಹೇಳವ್ವಾ’ ಎಂದರೆ ‘ಹೆಸರ್ಯಾಕ ಬೇಕ್ರಿ, ನಾ ಮತ್ತ ಐತ್ವಾರ ಬರ್ತೀನಿ’ ಎಂದು ಮುಂದಿನ ಭಾನುವಾರಕ್ಕೆ ಮಾತು ಕೊಟ್ಟು ಹೋದಳು. ನಾವು ನಾಲ್ಕು ಸಲ ಕರಪತ್ರ ಹಂಚಿದಾಗ ಬಾರದ ಮಂದಿ ಈಗ ತಾವಾಗಿಯೇ ಬಾಗಿಲು ದಾಟಿ ಬರುತ್ತಿದ್ದರು. ಆ ಕರಪತ್ರಗಳಲ್ಲಿ ಒಂದು ಕಾಗುಣಿತದ ತಪ್ಪೂ ಇರಲಿಲ್ಲ.

ಶನಿವಾರ ಶಾಲೆ ಬಿಟ್ಟ ಮೇಲೆ ಚಿಗವ್ವನನ್ನು ಹಿಂದೆ ಕೂರಿಸಿಕೊಂಡು ಇರಕಲ್ಲಗಡದ ದಾರಿ ಹಿಡಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಬಾಯಿಪಾಠ ಮಾಡಿಕೊಳ್ಳುತ್ತಿದ್ದೆ. ‘ನನ್ನ ಅಚಾತುರ್ಯಕ್ಕಾಗಿ ವಿಷಾದಿಸುತ್ತೇನೆ’ ಎಂದು ಶುರುವಾಗುತ್ತಿತ್ತು.

‘ಎಪ್ಪಾ, ಅದೇನು ಅರ್ಜಿ ಕೊಡಾಕ ಹೊಂಟೀರೇನು?’ ಎಂದಳು ಹಿಂದಿನಿಂದ ಚಿಗವ್ವ. ‘ಮನ್ಯಾಗ ಮಾತಾಡಿದಂಗ ಮಾತಾಡ್ರಿ. ಮತ್ತ ಒಂದು ಮಾತು. ಕಲಿಸ್ತೀನಿ ಅಂತ ಮಾತ್ರ ಅನಬ್ಯಾಡ್ರಿ ಮತ್ತ.’

ಕಾಕಾನ ಮನೆ ದೂರದಿಂದಲೇ ಗುರುತು ಸಿಕ್ಕಿತು. ಬಾಗಿಲು, ಕಿಟಕಿ, ನೀರಿನ ಪೀಪಾಯಿ, ಎಲ್ಲದರ ಮೇಲೂ ಬಣ್ಣ ಬಣ್ಣದ ಅಕ್ಷರಗಳು. ಹತ್ತಿರ ಹೋಗಿ ಓದಿದರೆ ಒಂದಕ್ಕೂ ಅರ್ಥವಿಲ್ಲ. ‘ಠಳಬ’, ‘ರುಕಣಾ’ ಎಂದೆಲ್ಲ ಇತ್ತು. ಚೆಂದ ಕಂಡ ಅಕ್ಷರವನ್ನು ಚೆಂದ ಕಂಡ ಕಡೆ ಬರೆದಿದ್ದರು. ನನ್ನ ಕೈ ತಾನಾಗಿಯೇ ಚೀಲದಲ್ಲಿದ್ದ ಪೆನ್ನಿನ ಕಡೆ ಹೋದದ್ದು ನೆನೆದರೆ ಈಗಲೂ ನಾಚಿಕೆ, ನಗು ಎರಡೂ ಬರುತ್ತವೆ.

ಕಾಕಾ ಎದ್ದು ನಿಂತರು. ‘ಬರ್ರಿ ಅಕ್ಕಾರ, ಕುಂದರ್ರಿ’ ಎಂದು ಚಾಪೆ ಹಾಸಿದರು. ಅವರ ಹೆಂಡತಿ ಕಾಕಿ ನೀರು ತಂದಿಟ್ಟರು. ಬಾಯಿಪಾಠ ಮಾಡಿದ್ದೆಲ್ಲ ಎಲ್ಲಿ ಹೋಯಿತೋ.

‘ತಪ್ಪಾತ್ರಿ ಕಾಕಾ’ ಎಂದೆ. ‘ನಾ ಹಂಗ ಅನಬಾರದಿತ್ತು. ಭಾಳ ತಪ್ಪಾತು.’

ಕಾಕಾ ಚಾಪೆಯ ಅಂಚು ಸರಿ ಮಾಡಿದರು. ‘ಬೈದಿದ್ದಕ್ಕ ನನಗ ಸಿಟ್ಟಿಲ್ರಿ. ಗೋಡಿ ಮಾಲಕರು ಬೈತಾರ, ಅಂಗಡಿಯವರು ಬೈತಾರ, ಬೈಗಳ ನನಗೇನು ಹೊಸದಲ್ಲ. ಆದ್ರ ನೀವು ಕೇಳಿದ್ರಿ ನೋಡ್ರಿ, ಓದಾಕ ಬರ್ತೈತೋ ಇಲ್ಲೋ ಅಂತ. ಎಲ್ಲಾರ ಮುಂದ ಅದಕ್ಕ ಏನ್ ಹೇಳ್ಲಿ? ಇಲ್ಲ ಅಂದ್ರ ಇಷ್ಟು ವರ್ಷದ್ದೆಲ್ಲಾ ಸುಳ್ಳಾಗ್ತೈತಿ. ಅದಕ್ಕ ಎದ್ದು ಬಂದೆ.’

‘ಸುಳ್ಳು ಹೆಂಗಾಗ್ತೈತ್ರಿ? ನಾಲ್ಕೂ ತಾಲೂಕು ನೀವು ಬರೆದದ್ದನ್ನ ಓದ್ತೈತಿ’ ಎಂದೆ. ಅಷ್ಟಕ್ಕೇ ನಿಲ್ಲಬೇಕಿತ್ತು. ‘ಒಂದು ತಿಂಗಳು ನನ್ನ ಹತ್ರ ಕುಂದರ್ರಿ ಕಾಕಾ, ಅ ಆ ದಿಂದ ಶುರು ಮಾಡಿ…’

ಚಿಗವ್ವ ನನ್ನ ತೊಡೆಗೆ ಚಿವುಟಿದಳು. ‘ಅಯ್ಯೋ’ ಎಂದು ಕೂಗಿಬಿಟ್ಟೆ. ಕಾಕಾನಿಗೆ ಗೊತ್ತಾಯಿತು. ಮೀಸೆಯೊಳಗೇ ನಗು ಬಂತು, ಆಮೇಲೆ ತಡೆಯಲಾಗದೆ ಹೊರಗೂ ಬಂತು. ‘ಮಾಸ್ತರ್ ಫೋನಿನ್ಯಾಗ ಹೇಳಿದ್ದು ಖರೇನ ಆತಲ್ಲ!’ ಎಂದು ಕಾಕಿಯ ಕಡೆ ನೋಡಿದರು. ಅವರೂ ಸೆರಗು ಅಡ್ಡ ಹಿಡಿದು ನಕ್ಕರು.

‘ಹಂಗಾದ್ರ ಮೊದಲ ನನ್ನ ಸಾಲ್ಯಾಗ ನೀವು ಪಾಸಾಗ್ರಿ’ ಎಂದು ಕಾಕಾ ಬಾಗಿಲ ಕಡೆ ಬೆರಳು ತೋರಿಸಿದರು. ‘ಸೊಂಟಪಟ್ಟಿ ಕಟ್ಟಿದಾಕಿ ಯಾವುದು, ಹೇಳ್ರಿ ನೋಡೋಣು?’

ನಾನು ಬಾಗಿಲನ್ನು ಮೇಲೆ ಕೆಳಗೆ ನೋಡಿದೆ. ತಿಳಿಯಲಿಲ್ಲ. ಅದು ‘ಕ’. ನಡುವಿನ ಅಡ್ಡಗೆರೆ ಅವಳ ಸೊಂಟಪಟ್ಟಿ. ಹಾಗೆ ಕಾಕಾನಲ್ಲಿ ಒಂದೊಂದು ಅಕ್ಷರಕ್ಕೂ ಹೆಸರಿತ್ತು. ‘ರ’ ಎಂದರೆ ಚರಗಿ, ನೀರಿನ ತಂಬಿಗೆ. ‘ಠ’ ಕಣ್ಣಗುಡ್ಡಿ. ‘ಳ’ ಸುರುಳಿ ಹಾವು. ‘ಅ’ ಮಲಗಿದ ಆಕಳ. ತಲೆಕಟ್ಟಿಗೆ ರುಮಾಲ, ದೀರ್ಘಕ್ಕೆ ಸೊಂಡಿಲು, ಒತ್ತಕ್ಷರಕ್ಕೆ ಕಾಲಾಗಿನ ಕೂಸು. ಅವರು ಕೇಳುತ್ತ ಹೋದರು, ನಾನು ತಪ್ಪುತ್ತ ಹೋದೆ. ಹತ್ತರಲ್ಲಿ ಒಂದಕ್ಕೆ ಸರಿಯಾದ ಉತ್ತರ ಕೊಟ್ಟೆ, ಅದೂ ಚಿಗವ್ವ ಕಣ್ಸನ್ನೆ ಮಾಡಿದ್ದರಿಂದ.

‘ನಪಾಸ್’ ಎಂದರು ಕಾಕಾ ಗಂಭೀರವಾಗಿ. ‘ಈ ವರ್ಷ ಇಲ್ಲೇ ಕುಂದರ್ರಿ.’

ಹೊರಡುವಾಗ ಬೋರ್ಡಿನ ಸುದ್ದಿ ಹೇಳಿದೆವು. ಆಟೋದವನು, ಕಾಯಿಪಲ್ಲೆಯಾಕೆ, ನೋಟ್‌ಬುಕ್ಕಿನ ತುಂಬ ಹೆಸರು. ಕಾಕಾ ನಂಬಲಿಲ್ಲ. ‘ತಪ್ಪು ಬೋರ್ಡ್ ನೋಡಿ ಯಾರ್ ಬರ್ತಾರ್ರಿ? ಸುಮ್ನ ಸಮಾಧಾನ ಮಾಡಾಕತ್ತೀರಿ’ ಎಂದರು. ‘ಹಂಗಾದ್ರ ಬಂದು ನೋಡ್ರಿ’ ಎಂದು ಚಿಗವ್ವ ಸ್ಕೂಟಿ ಏರಿದಳು. ಬರುತ್ತೇನೆ ಎಂದು ಅವರು ಹೇಳಲಿಲ್ಲ. ಫ್ಲೆಕ್ಸ್ ಅಂಗಡಿಗೆ ಹೋಗಬೇಡಿ ಎಂದು ಕೇಳುವ ಧೈರ್ಯ ನನಗೂ ಆಗಲಿಲ್ಲ.

ಮರುದಿನ ಬೆಳಿಗ್ಗೆ ಗಿರಣಿಯಲ್ಲಿ ಎಲ್ಲರ ಕಣ್ಣೂ ಬಾಗಿಲ ಮೇಲೆ. ಮಾಸ್ತರು ಒಂದೇ ಸ್ವರ ಹಿಡಿದು ಕೂತಿದ್ದರು, ಬೇಸರ ಬಂದು ನಿಲ್ಲಿಸಿದರು. ಹನ್ನೊಂದರ ಹೊತ್ತಿಗೆ ರಸ್ತೆಯ ಆಚೆ ಕಾಕಾ ಕಂಡರು. ಒಳಗೆ ಬರಲಿಲ್ಲ, ಅಲ್ಲಿಯೇ ನಿಂತು ನೋಡುತ್ತಿದ್ದರು. ಆಗ ಎಮ್ಮೆ ಮಾರಲು ಬಂದಿದ್ದ ಇಬ್ಬರು ಹಿರಿಯರು ಬೋರ್ಡಿನ ಮುಂದೆ ನಿಂತರು. ಒಬ್ಬರು ಕೂಡಿಸಿ ಕೂಡಿಸಿ ಓದಿದರು, ಇನ್ನೊಬ್ಬರು ‘ಯಾರ್ ಬರದಾರೋ ಏನೋ, ಅಕ್ಷರ ಮಾತ್ರ ಮುಟ್ಟಿ ನೋಡಬೇಕನಸ್ತೈತಿ’ ಎಂದರು. ಇಬ್ಬರೂ ಚಪ್ಪಲಿ ಬಿಟ್ಟು ಒಳಗೆ ಬಂದರು. ಅವರ ಹಿಂದೆಯೇ ಕಾಕಾ ಬಂದರು, ಬಗಲಲ್ಲಿ ಕುಂಚದ ಗಂಟು. ಯಾರೊಡನೆಯೂ ಮಾತಾಡದೆ ಪರದೆಯ ಮುಂದೆ ಕೂತು ಉಳಿದ ಕಂಬಕ್ಕೆ ಗೆರೆ ಎಳೆಯತೊಡಗಿದರು. ಕಂಡಕ್ಟರು ನಗಲು ಹೋಗಿ ಅತ್ತುಬಿಟ್ಟರು. ಖಳನಾಯಕ ಅತ್ತದ್ದನ್ನು ನೋಡಿ ನಾವೆಲ್ಲ ನಕ್ಕೆವು.

ಹಗಲು ನಾಟಕ ಗದ್ದಲದಲ್ಲಿ ಚೆನ್ನಾಗಿ ಆಯಿತು. ಪರದೆಯ ಕಂಬ ಎಷ್ಟು ನಿಜ ಕಾಣುತ್ತಿತ್ತೆಂದರೆ ರಾಜನ ಪಾತ್ರದ ಟೇಲರ್ ಅಣ್ಣ ಮಾತು ಮರೆತಾಗ ಅದಕ್ಕೆ ಒರಗಲು ಹೋಗಿ ಬಿದ್ದರು. ಬೋರ್ಡು ಹಾಗೆಯೇ ಉಳಿಯಿತು. ಈಗ ನಾಲ್ಕೂರಿನಲ್ಲಿ ನಮ್ಮನ್ನು ‘ಕೇಳಿ ಬರೆಯಿರಿ ಮಂದಿ’ ಎನ್ನುತ್ತಾರೆ. ಕಾಕಾ ಫ್ಲೆಕ್ಸ್ ಅಂಗಡಿಗೆ ಹೋಗಲಿಲ್ಲ. ನಾನು ಪಾಟಿ ಬಳಪ ತರಲಿಲ್ಲ. ತಂದಿದ್ದರೆ ಚಿಗವ್ವ ನನ್ನನ್ನು ಜೀವ ಸಹಿತ ಬಿಡುತ್ತಿರಲಿಲ್ಲ.

ಆದರೆ ಒಂದು ಸಂಗತಿ ಬದಲಾಯಿತು. ಈಗ ಚೀಟಿಯನ್ನು ನಾನೂ ಜೋರಾಗಿ ಓದುತ್ತೇನೆ. ಒಂದು ದಿನ ಹಾಗೆ ಓದುತ್ತಿದ್ದಾಗ ಕಾಕಾ ಕುಂಚ ನಿಲ್ಲಿಸದೆಯೇ, ‘ಅಕ್ಕಾರ, ಈ ಸೊಂಟಪಟ್ಟಿಯಾಕಿ ಏನಂತಾಳ್ರಿ?’ ಎಂದರು. ‘ಕ ಅಂತಾಳ್ರಿ’ ಎಂದೆ. ಅಷ್ಟೇ. ಅವರು ಮತ್ತೇನೂ ಕೇಳಲಿಲ್ಲ, ನಾನು ಮತ್ತೇನೂ ಹೇಳಲಿಲ್ಲ. ನಾಲಿಗೆ ಕಚ್ಚಿಕೊಂಡು ಕೂತೆ. ಎರಡು ವಾರ ಬಿಟ್ಟು ‘ಚರಗಿ ಏನಂತೈತ್ರಿ?’ ಬಂತು. ಆಮೇಲೊಮ್ಮೆ ‘ಸೊಂಡಿಲ ಇಳಿಬಿಟ್ರ ದನಿ ಉದ್ದ ಆಗ್ತೈತೇನ್ರಿ?’ ಎಂದರು. ಇಪ್ಪತ್ತು ವರ್ಷ ಪಾಠ ಹೇಳಿದ ನನಗೆ ಇಷ್ಟು ಚೆಂದದ ಪ್ರಶ್ನೆಯನ್ನು ಯಾವ ಮಗುವೂ ಕೇಳಿರಲಿಲ್ಲ. ‘ಹೌದ್ರಿ, ಉದ್ದ ಆಗ್ತೈತಿ’ ಎಂದೆ.

ಕಳೆದ ಭಾನುವಾರ ನಾನು ಹೋಗುವಾಗ ತಡವಾಗಿತ್ತು. ಒಳಗೆ ಕಾಲಿಟ್ಟರೆ ಎಲ್ಲರೂ ಸುಮ್ಮನಿದ್ದಾರೆ. ಮಾಸ್ತರರ ಬೆರಳು ಕೂಡ ಸುಮ್ಮನಿವೆ. ಎಲ್ಲರ ಕುರ್ಚಿಯ ಸಾಲಿನಲ್ಲಿ ನನ್ನ ಕುರ್ಚಿಯ ಮುಂದೆ ಮಾತ್ರ ನಾಟಕದ ಪರದೆಯ ಹಾಗೆ ಒಂದು ಬಟ್ಟೆ ಕಟ್ಟಿದ್ದರು. ‘ಛಡಿ ಬರೆದರಾ?’ ಎಂದು ಕೇಳುತ್ತ ಬಟ್ಟೆ ಎಳೆದೆ.

ಚಿತ್ರ ಇರಲಿಲ್ಲ. ಕೆಂಪು ಅಕ್ಷರ, ನೀಲಿ ನೆರಳು. ಮಲಗಿದ ಆಕಳ. ಅದರ ಪಕ್ಕ ಸೊಂಡಿಲು ಇಳಿಬಿಟ್ಟ ಸೊಂಟಪಟ್ಟಿಯಾಕಿ, ಅವಳ ಕಾಲಲ್ಲಿ ಒಂದು ಕೂಸು. ಕೊನೆಗೆ ರುಮಾಲು ಸುತ್ತಿದ ಚರಗಿ. ‘ಅಕ್ಕಾರ’.

ಎಷ್ಟು ನೋಟ್‌ಬುಕ್ಕುಗಳಲ್ಲಿ ಈ ಶಬ್ದದ ಮೇಲೆ ಗೆರೆ ಎಳೆದಿದ್ದೆನೋ! ಕಣ್ಣು ಮಂಜಾಗಿ ನೀಲಿ ನೆರಳು ಕಲಸಿದಂತೆ ಕಂಡಿತು. ಚಿಗವ್ವನ ಕಡೆ ತಿರುಗಿದೆ. ‘ಚೀಟಿ ಯಾರ್ ಬರೆದುಕೊಟ್ರಿ?’

‘ನನ್ನ ಕೇಳಬ್ಯಾಡ್ರಿ, ನಾ ಈಗ ಬಂದೀನಿ’ ಎಂದಳು. ಮಾಸ್ತರು ತಲೆ ಅಲ್ಲಾಡಿಸಿದರು. ಕಂಡಕ್ಟರು ಕೈ ಬಿಚ್ಚಿ ತೋರಿಸಿದರು.

ಕಾಕಾ ಕುಂಚ ಒರೆಸುತ್ತ ನಿಂತಿದ್ದರು. ‘ಚೀಟಿ ಇಲ್ರಿ’ ಎಂದರು. ‘ಎಲ್ಲಾರೂ ನಿಮ್ಮನ್ನ ಕರೀತಾರಲ್ಲ, ಅದನ್ನ ಕೇಳಿ ಬರದೀನ್ರಿ.’ ಆಮೇಲೆ ಸ್ವಲ್ಪ ಅಂಜಿಕೆಯಿಂದ, ‘ಬರಾಬರಿ ಐತೇನ್ರಿ?’ ಎಂದರು.

‘ಒಂದು ಚುಕ್ಕಿನೂ ತಪ್ಪಿಲ್ರಿ ಕಾಕಾ’ ಎಂದು ಹೋಗಿ ಕುರ್ಚಿಯ ಬೆನ್ನಿಗೆ ಒರಗಿ ಕೂತುಬಿಟ್ಟೆ.

‘ಅಕ್ಕಾರ, ಬಣ್ಣ ಹಸಿ ಐತ್ರೀ!’ ಎಂದು ನಾಲ್ಕೂರಿನವರು ಒಟ್ಟಿಗೆ ಕೂಗಿದರು. ನಾನು ಏಳಲಿಲ್ಲ. ಎಣ್ಣೆ ಬಣ್ಣ, ‘ಅಕ್ಕಾರ’ ಸೀರೆಯ ಬೆನ್ನಿಗೆ ತಿರುಗುಮುರುಗಾಗಿ ಅಂಟಿದೆ. ಇನ್ನೂ ಹೋಗಿಲ್ಲ. ನಾನೂ ತಿಕ್ಕಿಲ್ಲ.